ಮಂಚದ ಕಾಲಿನಡಿ ನಾಲ್ಕು ಪುಸ್ತಕ

ಹೋದ ತಿಂಗಳು ನಮ್ಮ ಮರಗೆಲಸದ ಅಂಗಡಿಗೆ ಒಂದು ರಟ್ಟಿನ ಪೆಟ್ಟಿಗೆ ಬಂತು. ಬಿಚ್ಚಿದರೆ ಒಳಗೆ ಪುಸ್ತಕಗಳ ಬೆನ್ನು. ಬೆನ್ನು ಮಾತ್ರ. ಹಿಂದೆ ಹಾಳೆಯಿಲ್ಲ, ಹೊಟ್ಟೆಯಿಲ್ಲ. ಪ್ಲಾಸ್ಟಿಕ್ಕಿಗೆ ಚರ್ಮದ ಬಣ್ಣ ಬಳಿದು, ಚಿನ್ನದ ಅಕ್ಷರ ಒತ್ತಿ, ಸಾಲಾಗಿ ಪಟ್ಟಿ ಮಾಡಿ ಕಳುಹಿಸಿದ್ದರು. ರಿಯಾದಿನ ಉತ್ತರಕ್ಕೆ ಎದ್ದಿರುವ ಒಂದು ಹೊಸ ಮನೆಯ ಮಜ್ಲಿಸ್‌ನಲ್ಲಿ, ಎಂದರೆ ಅತಿಥಿಗಳನ್ನು ಕೂರಿಸುವ ಹಜಾರದಲ್ಲಿ, ಗೋಡೆಯುದ್ದಕ್ಕೂ ಪುಸ್ತಕದ ಕಪಾಟು ಮಾಡಿಕೊಡುವ ಕೆಲಸ ನಮ್ಮದು. ಉಸ್ತುವಾರಿ ನೋಡುವ ಈಜಿಪ್ಟಿನ ಇಂಜಿನಿಯರ್, "ಆಳ ನಾಲ್ಕು ಬೆರಳು ಸಾಕು ಸದೀಕ್, ಇದು ನೋಡಲಿಕ್ಕೆ ಮಾತ್ರ" ಎಂದು ಹೇಳಿ ಹೋದ. ಇಲ್ಲಿನ ಅರಬಿಯಲ್ಲಿ ಅವನು ನನಗೆ ಮುಹಂದಿಸ್, ಎಂದರೆ ಇಂಜಿನಿಯರ್; ನಾನು ಅವನಿಗೆ ಸದೀಕ್, ಎಂದರೆ ಗೆಳೆಯ.

ಅಭ್ಯಾಸ ಬಲದಿಂದ ನಾನು ಒಂದು ಬೆನ್ನನ್ನು ಬೆರಳ ಗಂಟಿನಿಂದ ತಟ್ಟಿ ನೋಡಿದೆ. ಟೊಳ್ಳು. ನಗು ಬಂತು. ತಟ್ಟಿ ನೋಡುವ ಈ ವಿದ್ಯೆಯಲ್ಲಿ ನಾನು ಒಮ್ಮೆ ಎಂಥ ಪಂಡಿತನಾಗಿದ್ದೆ ಎಂಬುದನ್ನು ಹೇಳದೆ ಇರಲಾರೆ. ನೀವು ನಗುವುದಾದರೆ ನಗಿ, ನಾನೇ ಮೊದಲು ನಕ್ಕಾಗಿದೆ.

ನಾನು ಆರನೇ ಕ್ಲಾಸಿನಲ್ಲಿ ಶಾಲೆಗೆ ಕೈಮುಗಿದು ಉಳಿ ಹಿಡಿದವನು. ಯಾರೂ ಬಿಡಿಸಿದ್ದಲ್ಲ, ನಾನೇ ಬಿಟ್ಟದ್ದು. ಇದನ್ನು ಒತ್ತಿ ಹೇಳುವುದು ನನ್ನ ಹಳೆಯ ಚಾಳಿ. ಅದರ ಬೆನ್ನಿಗೇ ಇನ್ನೊಂದು ಮಾತು ಸೇರಿಸುತ್ತಿದ್ದೆ: "ಓದಿದವನಿಗೆ ಪುಸ್ತಕ ಇಡಲಿಕ್ಕೆ ಕಪಾಟು ಬೇಕು. ಕಪಾಟಿಗೆ ನಾನು ಬೇಕು. ದೊಡ್ಡವ ಯಾರು?" ಕೆಲಸದ ಜಾಗದಲ್ಲಿ ಈ ಮಾತಿಗೆ ಜನ ತಲೆದೂಗುತ್ತಿದ್ದರು. ಹೆಣ್ಣು ನೋಡಲು ಹೋದ ಮನೆಗಳಲ್ಲಿ ತಲೆದೂಗುತ್ತಿರಲಿಲ್ಲ. ರಜೆಯಲ್ಲಿ ಊರಿಗೆ ಹೋದಾಗಲೆಲ್ಲ ಒಂದು ಮನೆಯಲ್ಲಿ ಅವಲಕ್ಕಿ ತಿನ್ನುವುದು, "ಎಷ್ಟು ಓದಿದ್ದೀರಿ?" ಎಂಬ ಪ್ರಶ್ನೆ ಬರುವುದು, ನಾನು ಕಪಾಟಿನ ಮಾತು ಹೇಳುವುದು, "ಮತ್ತೆ ತಿಳಿಸ್ತೇವೆ" ಎಂದು ಅವರು ಎದ್ದು ನಿಲ್ಲುವುದು. ಮೂರು ಮನೆಯವರು ಇನ್ನೂ ತಿಳಿಸುತ್ತಲೇ ಇದ್ದಾರೆ.

ಆಗ ನಾನು ರಿಯಾದಿನ ಹಳೆಯ ಪೇಟೆ ಬತ್ಹಾದ ಒಂದು ಕೋಣೆಯಲ್ಲಿ ಇದ್ದೆ. ಕೆಳಗೆ ಹಣ ಕಳುಹಿಸುವ ಅಂಗಡಿ, ಪಕ್ಕದಲ್ಲಿ ಬಟ್ಟೆ ಅಂಗಡಿ, ಮೇಲೆ ನಾವು ಮೂವರು. ಒಬ್ಬರು ಉಮ್ಮರಾಕ, ಬಂಟ್ವಾಳ ಕಡೆಯ ಬ್ಯಾರಿ, ನನಗಿಂತ ಬಹಳ ಹಿರಿಯರು, ಬೂಫಿಯಾ ಎಂಬ ಸಣ್ಣ ತಿಂಡಿಯಂಗಡಿಯಲ್ಲಿ ಚಹಾ, ಸ್ಯಾಂಡ್‌ವಿಚ್ ಮಾಡುವ ಕೆಲಸ. ಇನ್ನೊಬ್ಬ ಲ್ಯಾನ್ಸಿ, ಬಜಪೆಯ ಕಡೆಯ ಕೊಂಕಣಿ ಮಾತಾಡುವ ಕ್ರಿಶ್ಚಿಯನ್, ಬಿ.ಕಾಂ., ಯಾವುದೋ ಗೋದಾಮಿನಲ್ಲಿ ಲೆಕ್ಕ ಬರೆಯುವವ. ಮರಗೆಲಸದವನಾದ ನಾನು ಇಬ್ಬರಿಗೂ ಆಚಾರಿ. ಸೂಟ್‌ಕೇಸು ಇಡಲು ಮಂಚದಡಿ ಬಿಟ್ಟರೆ ಬೇರೆ ಜಾಗವಿಲ್ಲದ್ದರಿಂದ ಎಲ್ಲರೂ ಮಂಚದ ಕಾಲುಗಳನ್ನು ಏನಾದರೊಂದು ಕೊಟ್ಟು ಎತ್ತರಿಸಿದ್ದರು. ಅವರಿಬ್ಬರದಕ್ಕೆ ಸಿಮೆಂಟಿನ ಇಟ್ಟಿಗೆ. ನನ್ನದಕ್ಕೆ ಮಾತ್ರ, ನನಗಿಂತ ಮೊದಲು ಅಲ್ಲಿ ಮಲಗುತ್ತಿದ್ದ ಯಾರೋ ನಮ್ಮ ಕಡೆಯವನು, ಗೋಣಿಯಲ್ಲಿ ಬಿಗಿದು ಟೇಪು ಸುತ್ತಿದ ನಾಲ್ಕು ಗಟ್ಟಿ ತುಂಡುಗಳನ್ನು ಕೊಟ್ಟು ಹೋಗಿದ್ದ.

ಕೋಣೆಗೆ ಬಂದ ದಿನವೇ ನಾನು ಬಗ್ಗಿ ಆ ತುಂಡುಗಳನ್ನು ತಟ್ಟಿ, ಕಿವಿಯಿಟ್ಟು ಕೇಳಿ, ಘೋಷಿಸಿದ್ದೆ: "ಹೆಬ್ಬಲಸು. ಒಳ್ಳೆ ಬಲಿತ ಮರ. ಊರಿಂದ ತಂದಿರಬೇಕು ಪುಣ್ಯಾತ್ಮ." ಅಷ್ಟಕ್ಕೇ ನಿಲ್ಲಲಿಲ್ಲ. ಕೋಣೆಗೆ ಯಾರೇ ಬರಲಿ, ಅವರಿಂದಲೂ ತಟ್ಟಿಸಿ, ಮರದ ದನಿ ಗುರುತಿಸುವುದನ್ನು ಕಲಿಸಿದೆ. ವರ್ಷಗಟ್ಟಲೆ ಕಲಿಸಿದೆ.

ಮೂರನೆಯ ಹೆಣ್ಣಿನ ಮನೆಯವರೂ ಮೌನವಾದ ಮೇಲಿನ ಒಂದು ಶುಕ್ರವಾರ, ಉಮ್ಮರಾಕ ಜುಮ್ಮಾ ಮುಗಿಸಿ ಬಂದು ತಿಗಣೆಗೆ ಮದ್ದು ಹೊಡೆಯುವ ಎಂದರು. ನನ್ನ ಮಂಚ ಎತ್ತಿದೆವು. ಗೋಣಿ ಹರಿಯಿತು. ಹೆಬ್ಬಲಸಿನೊಳಗಿಂದ ಪುಟಗಳು ಹೊರಬಂದವು.

ಲ್ಯಾನ್ಸಿ ನೆಲದ ಮೇಲೆ ಕುಳಿತೇ ಬಿಟ್ಟ. "ಆಚಾರ್ರೇ, ನಿಮ್ಮ ಹೆಬ್ಬಲಸಿಗೆ ಪುಟ ನಂಬ್ರ ಉಂಟಲ್ಲ!"

"ಕಾಗದ ಮಾಡುವುದು ಎಂತದ್ದರಲ್ಲಿ? ಮರದಲ್ಲೇ ಅಲ್ವಾ?" ಎಂದೆ. ಇವತ್ತಿಗೂ ನನ್ನ ವಾದ ಅದೇ. ಜಾತಿ ತಪ್ಪಿದ್ದು ನಿಜ, ಮರ ಎಂಬುದು ಸುಳ್ಳಲ್ಲ.

ನಾಲ್ಕು ಕಾಲಿಗೆ ನಾಲ್ಕು ದಪ್ಪ ಕನ್ನಡ ಪುಸ್ತಕ. ಒಂದು ಸಮುದ್ರದಲ್ಲಿ ಹಡಗು ಒಡೆದವರ ಸಾಹಸ. ಒಂದು ಮಾಯಾಲೋಕದ ಕಥೆ. ಒಂದು ಚೀನಾ, ಜಪಾನ್ ಮುಂತಾದ ಪೂರ್ವದ ದೇಶಗಳ ಊಟ, ಮನೆ, ಮದುವೆ, ಹಬ್ಬದ ಬಗ್ಗೆ. ನಾಲ್ಕನೆಯದಕ್ಕೆ ರಟ್ಟಿಲ್ಲ, ಮೊದಲಿನ ಹಾಳೆಗಳೂ ಇಲ್ಲ. ಉಮ್ಮರಾಕ ಅದನ್ನು ಎತ್ತಿ, ಕಣ್ಣು ಕಿರಿದು ಮಾಡಿ ಒಂದು ಸಾಲು ಓದಿ, ತಟ್ಟನೆ ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಯಾ ಅಲ್ಲಾ! ಇದು ದೀನಿನ ಪುಸ್ತಕ ಮಾರಾಯ. ಧರ್ಮದ್ದು. ಇದನ್ನು ನೀನು ಮಂಚದ ಕಾಲಿಗೆ ಕೊಟ್ಟಿದ್ದೀಯಾ?"

"ನಾನಲ್ಲ, ಮೊದಲಿನವ."

"ಮಲಗಿದ್ದು ಯಾರು? ಹೆಣ್ಣು ಸಿಗದ್ದು ಯಾರಿಗೆ? ಈಗ ಗೊತ್ತಾಯ್ತಾ ಯಾಕೆ ಅಂತ?"

ತಮಾಷೆಗೆ ಅಂದದ್ದೋ ಏನೋ, ನಾನು ಮಾತ್ರ ನಿಜವೆಂದೇ ನಂಬಿದೆ. ನಮ್ಮ ಕಡೆಯವರಿಗೆ ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವ ಅಭ್ಯಾಸ. ನಾನೋ, ಧರ್ಮಗ್ರಂಥದ ಮೇಲೆ ಮಂಚ ಹೂಡಿ, ಗೊರಕೆ ಹೊಡೆದು, ಹೊರಳಾಡಿದ್ದೇನೆ. ಅಮ್ಮನಿಗೆ ಫೋನು ಮಾಡಿದೆ. ಅವಳು ಗಾಬರಿಯಾಗಲಿಲ್ಲ, ಗಾಬರಿಗೆ ನಮ್ಮಲ್ಲಿ ಕ್ರಮ ಉಂಟು. ತಪ್ಪಾಯಿತೆಂದು ಒಪ್ಪಿ ದೇವರ ಡಬ್ಬಿಗೆ ತಪ್ಪುಕಾಣಿಕೆ ಹಾಕಿದರೆ ಮುಗಿಯಿತು.

"ಯಾರಿಗೆ ಹಾಕುವುದು ಮಗಾ? ದೇವಸ್ಥಾನಕ್ಕಾ, ದರ್ಗಾಕ್ಕಾ, ಇಗರ್ಜಿಗಾ?"

"ಗೊತ್ತಿಲ್ಲಮ್ಮ. ರಟ್ಟು ಹೋಗಿದೆ. ಮೂರಕ್ಕೂ ಹಾಕಿಬಿಡು."

"ಹಾಗೆ ಆಗುದಿಲ್ಲ. ಹೆಸರು ಹೇಳದೆ ಹಾಕಿದ ಕಾಣಿಕೆ ವಿಳಾಸ ಬರೆಯದ ಮದುವೆ ಕಾಗದದ ಹಾಗೆ, ಎಲ್ಲಿಗೂ ಮುಟ್ಟುದಿಲ್ಲ. ನೋಡಿ ಹೇಳು."

ನೋಡಿ ಹೇಳುವುದೆಂದರೆ ಓದಿ ಹೇಳುವುದು. ಉಮ್ಮರಾಕನಿಗೆ ಈರುಳ್ಳಿ ಕೊಚ್ಚುವುದಿತ್ತು. ಲ್ಯಾನ್ಸಿಯ ಕಡೆ ನೋಡಿದೆ. "ನಿಮ್ಮ ಮಂಚ, ನಿಮ್ಮ ಪಾಪ, ನೀವೇ ಓದಿ" ಎಂದು ಅವನು ದಿಂಬಿಗೆ ಒರಗಿದ. ಹೀಗೆ, ಪುಸ್ತಕ ಬೇಡವೆಂದು ಎದೆ ತಟ್ಟಿಕೊಂಡವನು, ಮದುವೆಯಾಗುವ ಆಸೆಯಿಂದ ಓದಲು ಕುಳಿತೆ.

ಪ್ರತಿ ಶುಕ್ರವಾರ ಊಟಕ್ಕೆ ಮೊದಲು ಗಟ್ಟಿಯಾಗಿ ಓದುವುದು ಎಂದಾಯಿತು. ಒತ್ತಕ್ಷರ ಬಂದಲ್ಲಿ ನಾನು ಗಂಟಿರುವ ಹಲಗೆಯ ಮೇಲಿನ ಕೀಸುಳಿಯಂತೆ ನಿಲ್ಲುತ್ತಿದ್ದೆ. ಆ ಪುಸ್ತಕದಲ್ಲಿ ಒಬ್ಬ ಗುರು, ಒಬ್ಬ ಶಿಷ್ಯ. ಇಬ್ಬರಿಗೂ ಹೆಸರಿಲ್ಲ. ನೆರೆಮನೆಯ ಒಲೆ ತಣ್ಣಗಿರುವ ದಿನ ನಿನ್ನ ಅಡುಗೆಯ ಪರಿಮಳವೂ ಕಳ್ಳತನವೇ ಎಂಬ ಮಾತು ಬಂತು.

ಉಮ್ಮರಾಕ ಕತ್ತಿ ಕೆಳಗಿಟ್ಟರು. "ಸಂಶಯವೇ ಇಲ್ಲ, ನಮ್ಮದು. ನಮ್ಮ ಉಸ್ತಾದರು ಹೀಗೆಯೇ ಹೇಳುದು."

"ನಮ್ಮ ಫಾದರ್ ಪ್ರತಿ ಆದಿತ್ಯವಾರ ಇದನ್ನೇ ಹೇಳುದು ಉಮ್ಮರಾಕ," ಎಂದ ಲ್ಯಾನ್ಸಿ. "ಇದು ನಮ್ಮದು."

ನನ್ನ ಅಜ್ಜಿಯೂ ಇದನ್ನೇ ಹೇಳುತ್ತಿದ್ದಳು ಎಂದು ನಾನೂ ನನ್ನ ಹಕ್ಕು ಸ್ಥಾಪಿಸಿದೆ.

ಮುಂದಿನ ವಾರ ಗುರು ಬೇರೆ ರಾಗ ತೆಗೆದ. ಬಾಯಲ್ಲಿ ದೇವರು, ತಕ್ಕಡಿಯಲ್ಲಿ ಹೆಬ್ಬೆರಳು ಇಡುವವರನ್ನು ಬೈದ.

"ಇದು ನಿಮ್ಮವರಿಗೆ ಬರೆದದ್ದೇ," ಎಂದರು ಉಮ್ಮರಾಕ ಲ್ಯಾನ್ಸಿಗೆ.

"ನಮ್ಮಲ್ಲಿ ತಕ್ಕಡಿ ಹಿಡಿಯುವವರು ಯಾರು? ಇದು ನಿಮ್ಮದು, ಇಲ್ಲದಿದ್ದರೆ ಆಚಾರ್ರದ್ದು."

ಹೀಗೆ ಒಳ್ಳೆಯ ಮಾತು ಬಂದ ವಾರ ಪುಸ್ತಕಕ್ಕೆ ಮೂವರು ವಾರಸುದಾರರು, ಬೈಗುಳ ಬಂದ ವಾರ ಅದು ಅನಾಥ. ಅಮ್ಮ ಅಲ್ಲಿ ಕಾಣಿಕೆ ಹಿಡಿದುಕೊಂಡು ಕಾಯುತ್ತಿದ್ದಾಳೆ. ನಾಲ್ಕನೆಯ ಹೆಣ್ಣಿನ ಜಾತಕವೂ ಬಂದು ಕೂತಿದೆ, ಈ ದೋಷ ಕಳೆಯದೆ ಮುಟ್ಟುವುದಿಲ್ಲವೆಂದು ಅದನ್ನೂ ತೆಗೆದಿಟ್ಟಿದ್ದಾಳೆ.

ನಡುವಿನ ದಿನಗಳಲ್ಲಿ ಕೈ ಸುಮ್ಮನಿರದೆ, ಧರ್ಮದ್ದಲ್ಲವೆಂದು ಮತ್ತೆ ಮಂಚದ ಕಾಲಿನಡಿ ಸೇರಿದ್ದ ಉಳಿದ ಮೂರು ಪುಸ್ತಕಗಳನ್ನೂ ಎಳೆದೆ. ಒಂದನ್ನು ಎಳೆದಾಗಲೆಲ್ಲ ಮಂಚ ಆ ಕಡೆಗೆ ವಾಲುತ್ತಿತ್ತು. "ಇವತ್ತು ಯಾವ ಕಾಲು ಓದುದು ಆಚಾರ್ರೇ?" ಎಂದು ಲ್ಯಾನ್ಸಿ ಕೇಳುವುದು ಅದಕ್ಕೇ. ಸಾಹಸದ ಪುಸ್ತಕದ ನಾಯಕ ಹಸಿ ಮರದಲ್ಲಿ ಒಂದೇ ಹಗಲಿನಲ್ಲಿ ತೆಪ್ಪ ಕಟ್ಟಿ ಸಮುದ್ರ ದಾಟಿದ. ಬರೆದವನ ಕೈಗೆ ಒಮ್ಮೆ ಬಾಚಿ ಕೊಡಬೇಕಿತ್ತು ಎಂದು ಸಿಟ್ಟುಗೊಂಡೆ. ಆದರೂ ಅವನು ದಡ ಸೇರುವ ತನಕ ಊಟಕ್ಕೆ ಏಳಲಿಲ್ಲ. ಮಾಯಾಲೋಕಕ್ಕೆ ಹೋಗುವ ದಾರಿ ಒಂದು ಮರದ ಕಾಂಡದಲ್ಲಿದ್ದ ಬಾಗಿಲು. ಬಾಗಿಲೇನೋ ಸರಿ, ತಿರುಗಣಿ ಎಲ್ಲಿ? ಒಳಗೆ ತೆರೆಯುವುದೋ ಹೊರಗೋ? ಇನ್ನೂರು ಪುಟ ಓದಿದರೂ ಲೇಖಕ ಅದೊಂದನ್ನು ಹೇಳಲಿಲ್ಲ. ಪೂರ್ವದೇಶಗಳ ಪುಸ್ತಕ ಮಾತ್ರ ನನ್ನ ಬಾಯಿ ಮುಚ್ಚಿಸಿತು. ಒಂದು ಮರದ ನಾಲಗೆಯನ್ನು ಇನ್ನೊಂದರ ಬಾಯಿಗೆ ಕೂರಿಸಿ, ಒಂದೂ ಮೊಳೆಯಿಲ್ಲದೆ ಇಡೀ ದೇವಾಲಯ ಕಟ್ಟುವವರ ಚಿತ್ರ ಅದರಲ್ಲಿತ್ತು. ಆ ಪುಟವನ್ನು ನಾನು ಯಾರಿಗೂ ಓದಿ ಹೇಳಲಿಲ್ಲ. ಕೋಣೆಯಲ್ಲಿ ನನ್ನ ಮರ್ಯಾದೆ ಆಗಲೇ ಸಾಕಷ್ಟು ಇಳಿದಿತ್ತು.

ರಟ್ಟಿಲ್ಲದ ಪುಸ್ತಕದ ಕೊನೆಯ ಅಧ್ಯಾಯಕ್ಕೆ ಬಂದ ಶುಕ್ರವಾರ ಉಮ್ಮರಾಕ ನೆಯ್ಚೋರು, ಎಂದರೆ ತುಪ್ಪದನ್ನ, ಮಾಡಿದ್ದರು. ಗುರು ಮುದುಕನಾಗಿದ್ದಾನೆ. ಶಿಷ್ಯ ಅನ್ನ ಬಡಿಸಿದ್ದಾನೆ. ಕೊನೆಯ ಉಪದೇಶ. ಲ್ಯಾನ್ಸಿ ಕೂಡ ಎದ್ದು ಕುಳಿತಿದ್ದ. ನಾನು ಓದಿದೆ:

"ಗುರು ತನ್ನ ಎರಡು ಕಡ್ಡಿಗಳನ್ನು ಬಟ್ಟಲಿನ ಮೇಲೆ ಅಡ್ಡಲಾಗಿ ಇಟ್ಟು, ಬಾಯಿ ಒರೆಸಿಕೊಂಡು ಹೇಳಿದನು..."

"ಎಂತ ಕಡ್ಡಿ?" ಎಂದರು ಉಮ್ಮರಾಕ.

ನಾನು ಮತ್ತೆ ಓದಿದೆ. ಕಡ್ಡಿಯೇ.

"ನಮ್ಮಲ್ಲಿ ಯಾರೂ ಕಡ್ಡಿಯಲ್ಲಿ ಅನ್ನ ತಿಂದದ್ದು ನಾನು ಕೇಳಲಿಲ್ಲ ಮಾರಾಯ."

"ನಮ್ಮಲ್ಲಿಯೂ ಇಲ್ಲ," ಎಂದ ಲ್ಯಾನ್ಸಿ ಸಣ್ಣ ದನಿಯಲ್ಲಿ.

ಇಬ್ಬರೂ ನನ್ನ ಮುಖ ನೋಡಿದರು. ನಮ್ಮ ದೇವರುಗಳು ಏನೇನೋ ಮಾಡಿದ್ದಾರೆ, ಇದನ್ನು ಮಾಡಿಲ್ಲ. ಎದ್ದು, ಮಂಚದ ಎಡಗಾಲಿನಡಿಯ ಪೂರ್ವದೇಶಗಳ ಪುಸ್ತಕ ಎಳೆದು ಹಾಳೆ ಮಗುಚಿದೆ. ಅದೇ ಬಟ್ಟಲು, ಅದೇ ಕಡ್ಡಿಗಳು, ಹಿಮದ ಬೆಟ್ಟದ ಮೇಲೆ ಅದೇ ತರದ ಬೋಳುತಲೆಯ ಮುದುಕರು. ಇಷ್ಟು ವಾರ ನಾವು ಮೂವರೂ ಕಚ್ಚಾಡಿದ ಗುರು ನಮ್ಮ ಮೂವರಲ್ಲಿ ಯಾರಿಗೂ ನೆಂಟನಲ್ಲ.

ಅನ್ನ ಆರುತ್ತಿತ್ತು. ನಾನು ರಟ್ಟಿಲ್ಲದ ಪುಸ್ತಕವನ್ನು ಎಲ್ಲಿಡುವುದೆಂದು ತಿಳಿಯದೆ ಹಿಡಿದು ನಿಂತಿದ್ದೆ. ಈಗ ಕಾಲಿನಡಿ ಇಟ್ಟರೂ ಕೇಳುವವರಿಲ್ಲವಲ್ಲ.

"ಆದರೂ ಅಡಿಯಲ್ಲಿ ಬೇಡ ಆಚಾರಿ," ಎಂದರು ಉಮ್ಮರಾಕ. "ಒಂದು ಹಲಗೆ ಹೊಡಿ ಗೋಡೆಗೆ."

ಹೊಡೆಯಲಿಲ್ಲ, ಮೊಳೆಯಿಲ್ಲದೆ ಕೂರಿಸಿದೆ. ಪುಸ್ತಕದಲ್ಲಿದ್ದಂತೆ ನಾಲಗೆ ಕೆತ್ತಿ, ಬಾಯಿ ಕೊರೆದು. ಮೊದಲನೆಯದು ಉಮ್ಮರಾಕನ ತಲೆಯ ಮೇಲೇ ಬಿತ್ತು. ಎರಡನೆಯದು ನಿಂತಿತು. ಎಷ್ಟೋ ಜನರಿಗೆ ಪುಸ್ತಕದ ಕಪಾಟು ಮಾಡಿಕೊಟ್ಟವನು ನನಗಾಗಿ ಮಾಡಿಕೊಂಡದ್ದು ಅದೇ ಮೊದಲು.

ಅಮ್ಮನಿಗೆ ವಿಷಯ ತಿಳಿಸಿದೆ. "ಕಡ್ಡಿಯಲ್ಲಿ ಉಣ್ಣುವ ದೇವರಿಗೆ ನಮ್ಮ ಊರಲ್ಲಿ ಡಬ್ಬಿ ಇಲ್ಲ ಮಗಾ" ಎಂದಳು. "ಸಾಲ ಅಂತ ಮನಸ್ಸಿನಲ್ಲಿ ಇರಲಿ. ಒಂದು ದಿನ ದಾರಿ ಸಿಕ್ಕುತ್ತದೆ." ಆ ಮೇಲೆ ಜಾತಕ ತೆಗೆದಳು.

ನಾಲ್ಕನೆಯ ಮನೆಯಲ್ಲೂ ಅದೇ ಅವಲಕ್ಕಿ, ಅದೇ ಪ್ರಶ್ನೆ. ಕಪಾಟಿನ ಮಾತು ನಾಲಗೆಯ ತುದಿಗೆ ಬಂದಿತ್ತು. ಏನಾಯಿತೋ, "ಆರನೇ ಕ್ಲಾಸು, ಮತ್ತೆ ನಾಲ್ಕು ಪುಸ್ತಕ" ಎಂದುಬಿಟ್ಟೆ. ಹುಡುಗಿಯ ತಂದೆಗೆ ಅರ್ಥವಾಗಲಿಲ್ಲ. ಒಳಗಿನಿಂದ ಯಾರೋ ಗಟ್ಟಿಯಾಗಿ ನಕ್ಕರು. ಆ ನಗುವಿಗೆ ನಾನು ಇಷ್ಟು ವರ್ಷಗಳಿಂದ ಉತ್ತರ ಕೊಡುತ್ತಲೇ ಇದ್ದೇನೆ.

ಉಮ್ಮರಾಕ ಕೆಲಸ ಬಿಟ್ಟು ಊರಿಗೆ ಹೊರಟಾಗ ರಟ್ಟಿಲ್ಲದ ಪುಸ್ತಕವನ್ನೇ ಕೇಳಿದರು. "ನಮ್ಮದಲ್ಲದಿದ್ದರೆ ಎಂತ, ಕೇಳಿ ಅಭ್ಯಾಸ ಆಯ್ತು." ಲ್ಯಾನ್ಸಿ ಕೆನಡಾಕ್ಕೆ ಹೋದ. ನಾನು ಇಲ್ಲೇ ಫೋರ್ಮನ್ ಆಗಿ ಉಳಿದೆ.

ಪೆಟ್ಟಿಗೆ ಬಂದ ದಿನ ಹೆಂಡತಿಗೆ ಫೋನಿನಲ್ಲಿ ಈ ಬೆನ್ನುಗಳ ಸುದ್ದಿ ಹೇಳಿದೆ. "ಹೊಟ್ಟೆಯಲ್ಲಿ ಎಂತದೂ ಇಲ್ಲದೆ ಬೆನ್ನು ಮಾತ್ರ ನೆಟ್ಟಗೆ," ಎಂದಳು. "ಯಾರದ್ದೋ ನೆನಪಾಗ್ತದೆ ನನಗೆ."

ನಿನ್ನೆ ಇಂಜಿನಿಯರ್ ಬಂದು ಕಪಾಟು ಅಳೆದ. "ಇದೇನು ಸದೀಕ್? ನಾಲ್ಕು ಬೆರಳು ಎಂದರೆ ಒಂದು ಗೇಣು ಮಾಡಿದ್ದೀಯಲ್ಲ!"

"ನಾಳೆ ಯಾರಾದರೂ ನಿಜವಾದ ಪುಸ್ತಕ ತಂದಿಟ್ಟರೆ ಬೀಳಬಾರದಲ್ಲ, ಮುಹಂದಿಸ್."

"ಈ ಮನೆಗೆ? ಯಾರು ತರುತ್ತಾರೆ?"

"ಯಾರ ಮಂಚದಡಿ ಏನುಂಟೋ, ನಮಗೇನು ಗೊತ್ತು?"

ಅವನಿಗೆ ಅದು ತಿಳಿಯಲಿಲ್ಲ. ಹೆಚ್ಚಿನ ಮರಕ್ಕೆ ದುಡ್ಡು ಸಿಗುವುದಿಲ್ಲ ಎಂದು ಎಚ್ಚರಿಸಿದ. ಬೇಡ ಎಂದೆ. ಆ ಮರ ನನ್ನ ಕಡೆಯದು. ಎಲ್ಲಿಗೆ ಹಾಕಬೇಕೆಂದು ತಿಳಿಯದೆ ಇಷ್ಟು ಕಾಲ ನನ್ನಲ್ಲೇ ಉಳಿದಿದ್ದ ತಪ್ಪುಕಾಣಿಕೆ.

ಅವನು ಹೋದ ಮೇಲೆ ಬೆನ್ನುಗಳನ್ನು ಸಾಲಾಗಿ ನಿಲ್ಲಿಸಿದೆ, ಬೇಕೆಂದಾಗ ತೆಗೆಯಲು ಬರುವಂತೆ. ಅವುಗಳ ಹಿಂದೆ ಒಂದು ಗೇಣು ಜಾಗ ಖಾಲಿ ಕಾದಿದೆ. ಬೆರಳ ಗಂಟಿನಿಂದ ಒಮ್ಮೆ ತಟ್ಟಿ, ಕಿವಿಯಿಟ್ಟು ಕೇಳಿದೆ. ಪಕ್ಕದಲ್ಲಿದ್ದ ಕೆಲಸದವ "ಯಾವ ಮರ ಭಾಯ್?" ಎಂದ. ಈ ಸಲ ನಾನು ಹೇಳಲು ಹೋಗಲಿಲ್ಲ.