ದ್ವೀಪದಲ್ಲಿ ಬಿಚ್ಚಿದ ಜಡೆ

ರಜೆ ಮುಗಿಸಿ ಮಾಲ್ಡೀವ್ಸ್‌ಗೆ ಮರಳುವ ದಿನ ಜಕ್ಕೂರು ಕ್ರಾಸಿನಲ್ಲಿ ವಿಮಾನ ನಿಲ್ದಾಣದ ಬಸ್ಸು ಹತ್ತಿದೆ. ಟಿಕೆಟ್ಟಿಗೆ ಇನ್ನೂರು ಕೊಟ್ಟೆನೋ ಇನ್ನೂರೈವತ್ತೋ, ಈಗ ಹೇಳಲಾರೆ. ದೊಡ್ಡಮ್ಮ ಕಿಟಕಿಯ ಹತ್ತಿರ ಬಂದು ಹೇಳಿದ ಮಾತು ಮಾತ್ರ ನೆನಪಿದೆ.

“ಜಡೆ ಎಣೆಯೋದ್ ಯಾರ್ ಬೇಕಾದ್ರೂ ಎಣೀತಾರೆ ಕಣೆ. ಬಿಚ್ಚಿದ್ರೇನೇ ಆಟ ಮುಗಿಯೋದು. ನೆಪ್ಪಿರ್ಲಿ.”

ನನ್ನ ಚೀಲದಲ್ಲಿ ಎಂಟು ಜನಕ್ಕಾಗುವಷ್ಟು ಕೋಲುಗಳೂ ಅವಳು ಹಳೆಯ ಸೀರೆಗಳಿಂದ ಹರಿದುಕೊಟ್ಟ ಉದ್ದನೆಯ ಪಟ್ಟಿಗಳೂ ಇದ್ದವು. ಜಡೆ ಕೋಲಾಟಕ್ಕೆ ಅಷ್ಟು ಸಾಕು. ಮೇಲಿನಿಂದ ಇಳಿಬಿಟ್ಟ ಪಟ್ಟಿಯ ತುದಿ ಒಂದು ಕೈಯಲ್ಲಿ, ಕೋಲು ಇನ್ನೊಂದರಲ್ಲಿ. ಒಬ್ಬರನ್ನೊಬ್ಬರು ದಾಟಿ ಸುತ್ತುತ್ತಾ ಹೋದರೆ ತಲೆಯ ಮೇಲೆ ಜಡೆ ಹೆಣೆದುಕೊಳ್ಳುತ್ತದೆ. ಅದೇ ಹೆಜ್ಜೆಗಳಲ್ಲಿ ಹಿಂದಕ್ಕೆ ಬಂದರೆ ಬಿಚ್ಚಿಕೊಳ್ಳುತ್ತದೆ.

ಕೌಂಟರಿನಲ್ಲಿ ಚೀಲ ತೂಗುತ್ತಿದ್ದವನು ಕೋಲುಗಳನ್ನು ನೋಡಿ, “ಯಾರಿಗ್ ಮೇಡಂ ಹೊಡೆಯೋಕೆ ಇದು?” ಎಂದ. ಗಣಿತದ ಟೀಚರ್ ಎಂದೆ. “ಹಂಗಾದ್ರೆ ಬೇಕಾಗುತ್ತೆ ಬಿಡಿ,” ಎಂದು ಚೀಟಿ ಅಂಟಿಸಿದ.

ಮಾಲೆಗೆ ಎರಡು ಗಂಟೆಯ ಹಾರಾಟ. ಅಲ್ಲಿಂದ ನನ್ನ ದ್ವೀಪಕ್ಕೆ ಸ್ಪೀಡ್‌ಬೋಟ್ ಬೇಗ ಹೋಗುತ್ತದೆ, ದುಬಾರಿ. ಮರುದಿನದ ಸರ್ಕಾರಿ ದೋಣಿ ಹಿಡಿದೆ. ಗಾಳಿ ಜೋರಾಗಿತ್ತು, ಅರ್ಧ ದಾರಿ ಕಣ್ಣು ಮುಚ್ಚಿ ಕೂತಿದ್ದೆ. ಇಳಿದ ಮೇಲೆ ದಡದ ಹೋಟೆಲಿನಲ್ಲಿ ಮೀನು, ತೆಂಗಿನತುರಿ, ಈರುಳ್ಳಿ ಕಲಸಿದ ಮಸ್‌ಹುನಿಯನ್ನು ಚಪಾತಿಯಂಥ ರೊಷಿಯ ಜೊತೆ ತಿಂದ ಮೇಲೆಯೇ ಭೂಮಿ ಅಲುಗಾಡುವುದು ನಿಂತದ್ದು.

ಶಾಲೆಯಲ್ಲಿ ವಾರ್ಷಿಕ ಸಮಾರಂಭದ ತಯಾರಿ ಶುರುವಾಗಿತ್ತು. ಹಾಡು, ನಾಟಕ, ಡೋಲು ಎಲ್ಲಕ್ಕೂ ಆಯ್ಕೆ ಮುಗಿದು ಎಂಟು ಮಕ್ಕಳು ಉಳಿದಿದ್ದರು. “ಇವರು ಕುರ್ಚಿ ಹಾಕಲಿ,” ಎಂದಿದ್ದರು ಮುಖ್ಯೋಪಾಧ್ಯಾಯಿನಿ. ನಾನು ಅವರನ್ನು ಕೇಳಿ ಪಡೆದೆ. ಆ ಮಕ್ಕಳು ಅಲ್ಲಿಯವರೆಗೆ ವೇದಿಕೆ ಹತ್ತಿದವರಲ್ಲ. ಈ ಸಲ ನಗೆಪಾಟಲಾದರೆ ಮತ್ತೆ ಹತ್ತುವವರೂ ಅಲ್ಲ ಎಂಬುದು ನನಗೆ ಗೊತ್ತಿತ್ತು, ಅವರಿಗೂ.

ಹೆಜ್ಜೆಗೆ ನಾನು ಕನ್ನಡದಲ್ಲೇ ಎಣಿಸುತ್ತಿದ್ದೆ. ಅವರೂ “ಒಂದು, ಎರಡು, ಮೂರು, ನಾಕು” ಎಂದೇ ಕಲಿತರು. ಬಿಚ್ಚುವುದನ್ನು ಎರಡು ಸಲ ತೋರಿಸುವಷ್ಟರಲ್ಲಿ ಹತ್ತು ನಿಮಿಷದ ನಮ್ಮ ಅವಧಿಯನ್ನು ಐದಕ್ಕೆ ಇಳಿಸಿದರು. ಬಿಚ್ಚುವುದನ್ನು ಕೈಬಿಟ್ಟೆ. ಜಡೆ ಪೂರ್ತಿಯಾದ ಕೂಡಲೇ ಪರದೆ ಬೀಳುವುದೆಂದು ಗೊತ್ತುಮಾಡಿಕೊಂಡೆವು. ದೊಡ್ಡಮ್ಮನಿಗೆ ಫೋನಿನಲ್ಲಿ ಇದನ್ನು ಹೇಳಲಿಲ್ಲ.

ಸಮಾರಂಭದ ಸಂಜೆ ಜಡೆ ಒಂದು ಎಳೆಯೂ ತಪ್ಪದೆ ಹೆಣೆದುಕೊಂಡಿತು. ಜನ ಚಪ್ಪಾಳೆ ತಟ್ಟಿದರು. ಪರದೆ ಬೀಳಲಿಲ್ಲ. ಹಗ್ಗ ರಾಟೆಯಲ್ಲಿ ಸಿಕ್ಕಿಕೊಂಡಿತ್ತು. ವಿಜ್ಞಾನದ ಮೇಷ್ಟ್ರು ಜೋತುಬಿದ್ದು ಎಳೆದರೂ ಅಲ್ಲಾಡಲಿಲ್ಲ. ಚಪ್ಪಾಳೆ ನಿಂತಿತು. ಎಂಟೂ ಮಕ್ಕಳು ಕೈ ಮೇಲೆತ್ತಿ, ಭುಜಕ್ಕೆ ಭುಜ ಒತ್ತಿಕೊಂಡು, ತಾವೇ ಹೆಣೆದ ಜಡೆಗೆ ಕಟ್ಟುಬಿದ್ದವರಂತೆ ನಿಂತಿದ್ದರು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಗು ಮುಂದಿನ ಸಾಲಿಗೂ ಬಂತು.

ಆಗ ಆ ಎಂಟರಲ್ಲೊಬ್ಬಳಾದ ಶಿಫಾ ಶುರುಮಾಡಿದಳು. ತರಗತಿಯಲ್ಲಿ ಬಾಯಿ ಬಿಡದ ಹುಡುಗಿ. “ನಾಕು, ಮೂರು, ಎರಡು, ಒಂದು.”

ಹಿಂದಕ್ಕೆ ಎಣಿಸುವುದನ್ನು ನಾನು ಕಲಿಸಿರಲಿಲ್ಲ, ದೊಡ್ಡಮ್ಮನೂ ನನಗೆ ಕಲಿಸಿರಲಿಲ್ಲ. ಎಣಿಕೆ ಹಿಂದಕ್ಕೆ ಹೋದರೆ ಕಾಲೂ ಹೋಗುತ್ತದೆಂದು ಆ ಹುಡುಗಿಗೆ ಹೇಗೆ ಹೊಳೆಯಿತೋ. ಒಬ್ಬೊಬ್ಬರಾಗಿ ಕೋಲು ತಾಕಿಸುತ್ತಾ ಹಿಂದೆ ಸರಿದರು. ನಡುವೆ ಎತ್ತರದ ಇಬ್ರಾಹಿಂ ಎಡಕ್ಕೆ ಹೋಗುವ ಬದಲು ಬಲಕ್ಕೆ ಹೋಗಿ ಎಲ್ಲವೂ ಗಂಟಾಯಿತು.

“ಅಲ್ಲೇ ನಿಲ್ಲು ಮಾರಾಯ, ಬಗ್ಗು,” ಎಂಬರ್ಥದಲ್ಲಿ ಶಿಫಾ ತನ್ನ ಭಾಷೆಯಲ್ಲಿ ಗದರಿದಳು. ಅವನು ಅವಳ ಕೈಯಡಿ ನುಸುಳಿದ. ಗಂಟು ಸಡಿಲಿತು. ಈಗ ಜನ ನಗುತ್ತಿರಲಿಲ್ಲ. ಮೊದಲು ಮಕ್ಕಳು, ಆಮೇಲೆ ತಾಯಂದಿರು, ಕೊನೆಗೆ ಮುಖ್ಯೋಪಾಧ್ಯಾಯಿನಿಯೂ ಎಣಿಸತೊಡಗಿದರು. ಹಿಂದೂ ಮಹಾಸಾಗರದ ನಡುವಿನ ಆ ಸಭಾಂಗಣ ಒಂದೇ ದನಿಯಲ್ಲಿ “ನಾಕು, ಮೂರು, ಎರಡು, ಒಂದು” ಎನ್ನುತ್ತಿತ್ತು. ಎಂಟೂ ಪಟ್ಟಿಗಳು ಬಿಡಿಬಿಡಿಯಾಗಿ ನಿಂತಾಗ ಎದ್ದ ಕೂಗಿಗೆ ನನ್ನ ಕಿವಿ ಗುಂಯ್‌ಗುಟ್ಟಿತು. ಪರದೆ ಬಿದ್ದದ್ದು ಆಮೇಲೆ, ಮುಖ್ಯ ಅತಿಥಿಗಳ ಭಾಷಣದ ನಡುವೆ.

ಶಿಫಾಳಿಗೆ ನಾನೇ ಸನ್ನೆ ಮಾಡಿದೆ ಎಂದು ಅಂದಿನ ದಿನಚರಿಯಲ್ಲಿ ಬರೆದಿದ್ದೇನೆ. ನಂಬಿಯೇ ಬರೆದಿದ್ದೆ. ಒಬ್ಬ ತಂದೆ ಕಳಿಸಿದ ವಿಡಿಯೋದಲ್ಲಿ ನಾನು ಮೂಲೆಯಲ್ಲಿ ಎರಡೂ ಕೈ ತಲೆಯ ಮೇಲಿಟ್ಟು ನಿಂತಿದ್ದೇನೆ. ಶಿಫಾ ನನ್ನ ಕಡೆ ತಿರುಗಿಯೂ ನೋಡುವುದಿಲ್ಲ.

ಮುಂದಿನ ರಜೆಗೆ ಊರಿಗೆ ಬಂದು ಆ ವಿಡಿಯೋವನ್ನು ದೊಡ್ಡಮ್ಮನಿಗೆ ತೋರಿಸಿದೆ. ಹೆಣೆಯುವಾಗ ಅವಳು ಕಾಫಿ ಕುಡಿಯುತ್ತಿದ್ದಳು. ಬಿಚ್ಚುವಾಗ ಲೋಟ ಕೆಳಗಿಟ್ಟಳು.

“ಇಂದಕ್ಕೆ ಎಣುಸ್ತಾ ಅವ್ಳಲ್ಲೇ. ನಮಗ್ಯಾರ್ಗೂ ಇದು ಒಳೀಲೇ ಇಲ್ವಲ್ಲ. ಯಾರ್ ಮಗು ಇದು?”

“ಕುರ್ಚಿ ಹಾಕೋಕೆ ಅಂತ ಬಿಟ್ಟಿದ್ರು ದೊಡ್ಡಮ್ಮ. ಬರೋ ವರ್ಷ ನಮಗೆ ಹದಿನೈದು ನಿಮಿಷ ಕೊಟ್ಟಿದ್ದಾರೆ.”

“ಪಟ್ಟಿ ಎಲ್ಲಿ?”

“ಮಕ್ಳು ವಾಪಸ್ ಕೊಡ್ಲಿಲ್ಲ.”

ಅವಳು ಮೇಲೆದ್ದು ಟ್ರಂಕು ತೆರೆದಳು. “ಈ ಸಲ ಎಷ್ಟ್ ಮಕ್ಳು ಉಳ್ಕತಾರೆ ಅಲ್ಲಿ?” ಎನ್ನುತ್ತಾ ಒಂದು ಹಸಿರು ಸೀರೆಯನ್ನು ಹಲ್ಲಲ್ಲಿ ಕಚ್ಚಿ, ಅಂಚಿನಿಂದ ಪರ್ರನೆ ಹರಿದಳು.