ಎಡಗೈ ಅಕ್ಕ ಸುತ್ತಿದ ತಂತಿ

ಕರೆಂಟಿನ ಕೆಲಸಕ್ಕೆ ಹೆಂಗಸೇ ಎಂದು ಮೂಗು ಮುರಿದವರೆಲ್ಲ ಈಗ ಬಲ್ಬು ಮಿಣುಕಿದರೂ ಸಾಕು, ‘ಎಡಗೈ ಅಕ್ಕನ್ನ ಕರೀರಿ’ ಎಂದು ಕೂಗುತ್ತಾರೆ. ಎಡಗೈಯಲ್ಲಿ ಇಕ್ಕಳ ಹಿಡಿಯುವುದರಿಂದ ಬಿದ್ದ ಹೆಸರು ಅದು. ಐವತ್ತು ದಾಟಿದ ಈ ಅಕ್ಕನಿಗೆ ಪೇಟೆಯಲ್ಲಿ ಒಂದು ಖ್ಯಾತಿಯಿತ್ತು: ಅವಳು ಕೈಯಿಟ್ಟ ಫ್ಯೂಸ್ ಮತ್ತೆ ಹೋಗುವುದಿಲ್ಲ.

ಆ ಖ್ಯಾತಿ ಹುಟ್ಟಿದ್ದು ಬಸ್ ನಿಲ್ದಾಣದ ಹಿಂದಿನ ಹಳೇ ಕಟ್ಟಡದಲ್ಲಿ. ಕೆಳಗೆ ಚಪ್ಪಲಿ ಅಂಗಡಿ, ನಡುವೆ ಹಲ್ಲಿನ ಡಾಕ್ಟರು, ಮೇಲೆ ಅಕ್ಕನ ಸ್ವಂತ ತಂಗಿ ನಡೆಸುವ ಹೊಲಿಗೆ ಕಾರ್ಖಾನೆ. ಹತ್ತಿಳಿಯಲು ಇರುವುದು ಒಂದೇ ಮೆಟ್ಟಿಲು. ಇಡೀ ಕಟ್ಟಡಕ್ಕೆ ಕರೆಂಟು ಹಂಚುವ ಪ್ಯಾನೆಲ್ ಆ ಮೆಟ್ಟಿಲ ಕೆಳಗೇ, ಚಪ್ಪಲಿ ಡಬ್ಬಿಗಳ ರಾಶಿಯ ಹಿಂದೆ ಕೂತಿತ್ತು. ಇಪ್ಪತ್ತಾರು ವರ್ಷದಿಂದ ಫ್ಯೂಸ್ ಹೋಗಿರಲಿಲ್ಲ, ಹಾಗಾಗಿ ಯಾರೂ ಅದರ ಬಾಗಿಲು ತೆರೆದಿರಲಿಲ್ಲ.

ಒಂದು ಬೆಳಿಗ್ಗೆ, ತಂಗಿ ಮರೆತು ಬಂದಿದ್ದ ಕನ್ನಡಕ ಕೊಡಲು ಹೊರಟ ಅಕ್ಕ ಮೆಟ್ಟಿಲ ಬಳಿ ಮೂಗರಳಿಸಿ ನಿಂತಳು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಡಬ್ಬಿಗಳನ್ನು ಸರಿಸಿ ಹಿಂಗೈಯನ್ನು ಪ್ಯಾನೆಲ್ಲಿನ ಬಾಗಿಲಿಗೆ ತಾಗಿಸಿದಳು. ಅಂಗೈಯಿಂದ ಮುಟ್ಟಿದರೆ, ಕರೆಂಟು ಹೊಡೆದಾಗ ಬೆರಳು ತಾನಾಗಿ ಮಡಚಿ ಅದನ್ನೇ ಹಿಡಿದುಬಿಡುತ್ತದೆ. ಹಿಂಗೈ ಆದರೆ ಸರಕ್ಕನೆ ಹಿಂದೆ ಬರುತ್ತದೆ. ಕಸುಬಿನ ಮೊದಲ ಪಾಠ ಇದು. ಬಾಗಿಲು ಒಲೆಯಿಂದ ಇಳಿಸಿದ ಪಾತ್ರೆಯಂತೆ ಸುಡುತ್ತಿತ್ತು.

ಮೇನ್ ಆಫ್ ಮಾಡಿ ಬಾಗಿಲು ತೆರೆದಳು. ತಂತಿಗಳ ಹೊದಿಕೆ ಕಂದಾಗಿ, ಮುಟ್ಟಿದರೆ ಪುಡಿಪುಡಿಯಾಗಿ ಉದುರಿತು. ಫ್ಯೂಸ್ ಕಳಚಿ ನೋಡಿದರೆ, ತೆಳ್ಳನೆಯ ಫ್ಯೂಸ್ ವೈರ್ ಇರಬೇಕಾದ ಕಡೆ ದಪ್ಪ ತಾಮ್ರದ ತಂತಿ. ಅದರ ಸುತ್ತು ಎಡಕ್ಕೆ. ಆ ಪೇಟೆಯಲ್ಲಿ ತಂತಿಯನ್ನು ಎಡಕ್ಕೆ ಸುತ್ತುವ ಕೈ ಒಂದೇ.

ಅದು ಅಕ್ಕನದೇ. ಕಸುಬಿಗೆ ಹೊಸಬಳಾಗಿದ್ದಾಗ ಇಲ್ಲಿ ದಿನ ಬಿಟ್ಟು ದಿನ ಫ್ಯೂಸ್ ಹೋಗುತ್ತಿತ್ತು. ‘ಹೆಂಗಸರ ಕೆಲಸ ಇಷ್ಟೇ’ ಎಂದು ಜನ ನಕ್ಕಿದ್ದರು. ರೋಷದಲ್ಲಿ ತಾಮ್ರ ಸುತ್ತಿದ್ದಳು. ನಕ್ಕವರ ಬಾಯಿ ಮುಚ್ಚಿತು ನಿಜ, ಆದರೆ ಹೊರೆ ಹೆಚ್ಚಾದಾಗ ಕರಗಿ ಕರೆಂಟು ಕಡಿಯುವ ತಂತಿಯೇ ಅಲ್ಲಿಲ್ಲವಾಯಿತು. ಬುದ್ಧಿ ಬಂದ ಮೇಲೆ ಅಂಥ ಕೆಲಸ ಬಿಟ್ಟಳು, ಇದೊಂದನ್ನು ಮರೆತಳು. ಆಗ ಮೇಲೆ ಎರಡು ಹೊಲಿಗೆ ಯಂತ್ರ. ಈಗ ಹದಿನಾಲ್ಕು ಹೆಂಗಸರು, ಆರು ಇಸ್ತ್ರಿಪೆಟ್ಟಿಗೆ. ಬೆಂಕಿ ಹತ್ತಿದರೆ ಮೊದಲು ಹೋಗುವುದು ಮೆಟ್ಟಿಲು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವಳು ಇವಳು, ಉಣ್ಣಬೇಕಾದವರು ಮೇಲಿದ್ದವರು.

ಅಷ್ಟರಲ್ಲಿ ಚಪ್ಪಲಿ ಅಂಗಡಿಯ ಯಜಮಾನರು ಉರಿದುಕೊಂಡು ಬಂದರು. “ಕರೆಂಟ್ ಯಾರ್ ತೆಗ್ದಿದ್ದು?”

“ನಾನೇ. ಈ ಪ್ಯಾನೆಲ್ ಪೂರ್ತಿ ಬದಲಾಯಿಸ್ಬೇಕು. ನಾಲ್ಕು ದಿನ ಅಂಗಡಿ ಮುಚ್ಚಿ.”

“ತಮಾಷೆ ಮಾಡ್ತೀರಾ? ಇಪ್ಪತ್ತಾರು ವರ್ಷದಲ್ಲಿ ಒಂದ್ಸಲಾನಾದ್ರೂ ಫ್ಯೂಸ್ ಹೋಗಿದ್ಯಾ? ನೀವೇ ಕೈಯಿಟ್ಟ ಕೆಲಸ ಅಕ್ಕಾ, ಕಲ್ಲಿನ ಹಾಗಿದೆ! ನೀವು ಕರೆಂಟ್ ಹಾಕ್ದೆ ಇದ್ರೆ ಬೇರೆಯವ್ರನ್ನ ಕರೆಸಿ ಹಾಕಿಸ್ತೀನಿ.”

ಗದ್ದಲಕ್ಕೆ ತಂಗಿ, ಅವಳ ಹಿಂದೆ ಹೊಲಿಗೆಯವರು, ಡಾಕ್ಟರು ಎಲ್ಲರೂ ಮೆಟ್ಟಿಲ ಮೇಲೆ ಸೇರಿದರು. ತಂಗಿ ಅಕ್ಕನ ಕೈಲಿದ್ದ ತಂತಿ ನೋಡಿದಳು, ಅರ್ಥವಾಯಿತು. ಕಿವಿಯಲ್ಲಿ ಪಿಸುಗುಟ್ಟಿದಳು: “ಯಾರೋ ಹಾಳು ಮಾಡಿದ್ದಾರೆ ಅಂದ್ಬಿಡು. ಕುಂಬಳಕಾಯಿ ಕಳ್ಳ ಅಂತ ಯಾರೂ ಅಂದಿಲ್ಲ, ನೀನ್ಯಾಕೆ ಹೆಗಲು ಮುಟ್ಟಿ ನೋಡ್ಕೋತೀಯಾ?”

“ಯಾರೋ ಅಂದ್ರೆ ಇವ್ರು ನಂಬಲ್ಲ ಕಣೇ. ನಾನೇ ಮಾಡಿದ್ದು ಅಂದ್ರೆ ನಂಬ್ತಾರೆ.”

ಚೀಲದಿಂದ ಒಂದು ತುಂಡು ತಂತಿ ತೆಗೆದು, ಎಲ್ಲರ ಕಣ್ಣೆದುರು ಎಡಗೈಯಲ್ಲಿ ಸುತ್ತಿ, ಹಳೆಯದರ ಪಕ್ಕ ಹಿಡಿದಳು. ಸುತ್ತಿಗೆ ಸುತ್ತು ಹೊಂದಿತು.

“ಇದು ಕಲ್ಲಲ್ಲ ಯಜಮಾನ್ರೇ, ನನ್ನ ತಪ್ಪು. ನೀವು ಇಷ್ಟು ವರ್ಷ ಹೊಗಳಿದ್ದು ಈ ತಪ್ಪನ್ನೇ. ಬೇಕಾದ್ರೆ ಹಿಂಗೈ ಇಟ್ಟು ನೋಡಿ.”

ಯಜಮಾನರು ಬಾಗಿಲಿಗೆ ಹಿಂಗೈ ಇಟ್ಟು ತಟಕ್ಕನೆ ಎಳೆದುಕೊಂಡರು. ಆಮೇಲೆ ತಮ್ಮ ಡಬ್ಬಿಗಳತ್ತ ನೋಡಿದರು. ಪ್ಯಾನೆಲ್ಲಿಗೆ ಒರಗಿದ್ದ ಡಬ್ಬಿಯ ಅಂಚು ಕಂದು ಬಣ್ಣಕ್ಕೆ ತಿರುಗಿತ್ತು. ಅಂಗಿಯ ತೋಳು ಮಡಚಿ ತಾವೇ ಡಬ್ಬಿ ಹೊರತೊಡಗಿದರು. ಹದಿನಾಲ್ಕು ಹೆಂಗಸರೂ ಇಳಿದು ಕೈಜೋಡಿಸಿದರು. ಅಕ್ಕನಿಗೆ ಅಳು ಬಂತು, ಅತ್ತಳು, ಮೂಗೊರೆಸಿಕೊಂಡು ಇಕ್ಕಳ ಹಿಡಿದಳು.

ಐದನೇ ದಿನ ಹೊಸ ಪ್ಯಾನೆಲ್ ಮೆಟ್ಟಿಲಿಂದ ದೂರ, ಹಿಂದಿನ ಗೋಡೆಗೆ ಏರಿತು. ಮಹಡಿಗೊಂದೊಂದು ಸ್ವಿಚ್ಚು, ಎಡವಟ್ಟಾದರೆ ತಾನೇ ಕಳಚಿಕೊಳ್ಳುವಂಥದ್ದು.

ಹದಿನೈದು ದಿನ ಕಳೆದಿರಲಿಲ್ಲ, ನಡು ಮಧ್ಯಾಹ್ನ ಮೇಲಿನ ಮಹಡಿಯಲ್ಲಿ ಒಂದು ಇಸ್ತ್ರಿಪೆಟ್ಟಿಗೆಯ ವೈರು ಚಟ್ ಎಂದಿತು. ಅದೇ ಕ್ಷಣ ಕೆಳಗೆ ಪ್ಯಾನೆಲ್ಲಿನಲ್ಲಿ ಟಕ್. ಯಂತ್ರಗಳೆಲ್ಲ ನಿಂತವು. ಅಕ್ಕ ಓಡಿ ಬಂದಾಗ ತಂಗಿ ಆ ಸುಟ್ಟ ವೈರನ್ನು ಎತ್ತಿ ತೋರಿಸಿದಳು. ಯಾರಿಗೂ ಏನೂ ಆಗಿರಲಿಲ್ಲ, ಕೆಳಗಿದ್ದ ಬಟ್ಟೆಗೂ ಕಲೆಯಿರಲಿಲ್ಲ. ಮೊದಲು ಚಪ್ಪಾಳೆ ತಟ್ಟಿದವಳು ತಂಗಿ. ಆಮೇಲೆ ಹದಿನಾಲ್ಕು ಜನರ ಚಪ್ಪಾಳೆಗೆ ಕಿಟಕಿಯ ಗಾಜು ಅದುರಿತು.

ಕೆಳಗೆ ಯಜಮಾನರು ಬೀದಿಗೆ ಬಂದು, ಹೋಗಿಬರುವವರಿಗೆಲ್ಲ ಕೇಳುವಂತೆ ಸಾರುತ್ತಿದ್ದರು: “ನಮ್ಮ ಎಡಗೈ ಅಕ್ಕ ಕೈಯಿಟ್ಟ ಪ್ಯಾನೆಲ್ ಕಣ್ರೀ! ಟಕ್ ಅಂತ ಹೋಗುತ್ತೆ!”