ಎರಡು ಬೆರಳು ಬಾಗಬೇಕಾದ ಚಾವಣಿ

ನೆಲಿದಾ ಬೆರ್ತೊಲಾಚಿ ತೊಲೆಗಳ ಲೆಕ್ಕ ಹಾಕುತ್ತಲೇ ಕೂದಲು ನರೆಸಿಕೊಂಡವಳು. ಉದ್ದಕ್ಕೂ ಒಂದೇ ದಪ್ಪದ ತೊಲೆ ಗೋಡೆಯಿಂದ ಚಾಚಿಕೊಂಡಿದ್ದರೆ ಅವಳಿಗೆ ಮೈ ಉರಿಯುತ್ತಿತ್ತು. ಬುಡದಲ್ಲಿ ದಪ್ಪವಿದ್ದು ತುದಿಗೆ ಹೋಗುತ್ತಾ ಸಣ್ಣಗಾದರೆ ಮಾತ್ರ ಅದು ತೊಲೆ, ಉಳಿದದ್ದೆಲ್ಲ ಸಿಮೆಂಟು ದಂಡ. ಪರಾನಾ ನದಿಯ ದಡದಲ್ಲಿ ಗಾಳ ಹಾಕಿ ಕೂತವರ ಹತ್ತಿರ ಹೋದರೂ ಅವಳ ಕಣ್ಣು ಮೀನಿನ ಮೇಲಿರುತ್ತಿರಲಿಲ್ಲ, ಕೋಲು ಎಲ್ಲಿ ಬಾಗುತ್ತದೆ ಎಂಬುದರ ಮೇಲಿರುತ್ತಿತ್ತು. ಮದುವೆಯ ಮಾತಿಗೆ ಬಂದವನೊಬ್ಬನಿಗೆ ಅವನ ಮನೆಯ ಬಾಲ್ಕನಿ ಯಾವಾಗ ಮುರಿದು ಬೀಳುತ್ತದೆಂದು ಹೇಳಿ ಓಡಿಸಿದಳಂತೆ. ಹಾಗೆಂದು ಊರಿಗೆಲ್ಲ ಹೇಳಿಕೊಂಡು ಬಂದವಳು ಅವಳ ತಾಯಿ ಅರ್ಮಿಂದಾ. ಆ ಮುದುಕಿಯ ಮಾತನ್ನು ಅರ್ಧ ಕಳೆದೇ ನಂಬಬೇಕು.

ರೊಸಾರಿಯೊದಲ್ಲಿ ರೈಲು ಹಳಿಯಾಚೆ ಇರುವ ಸಣ್ಣ ಫುಟ್‌ಬಾಲ್ ಕ್ಲಬ್ಬಿನ ಗ್ಯಾಲರಿಗೆ ಚಾವಣಿ ಬೇಕಾಯಿತು. ಮುಂದೆ ಒಂದೂ ಕಂಬವಿಲ್ಲದ ನಕ್ಷೆಯನ್ನು ನೆಲಿದಾ ಬರೆದುಕೊಟ್ಟಳು, ತುದಿ ಎರಡೇ ಬೆರಳು ಬಾಗುತ್ತದೆಂದೂ ಹೇಳಿದಳು. ಹಿಂದಿನ ಗೋಡೆಯಿಂದ ಚಾಚಿಕೊಂಡ ತೊಲೆಗಳೇ ಎಲ್ಲವನ್ನೂ ಹೊರಬೇಕು. ಕ್ಲಬ್ಬಿನ ಅಧ್ಯಕ್ಷ ಒಸ್ವಾಲ್ದೊ ಮಾಂಸದಂಗಡಿಯವನು. ನಕ್ಷೆ ನೋಡಿ ಮುಖ ಹಿಂಡಿದ.

"ಬುಡದ ದಪ್ಪ, ತುದಿ ದಪ್ಪ ಕೂಡ್ಸಿ ಅರ್ಧ ಮಾಡಿದ್ರೆ ಆಯ್ತಲ್ಲ ಇಂಜಿನಿಯರಮ್ಮ? ಆ ಲೆಕ್ಕಕ್ಕೆ ಐದು ಬೆರಳು ಬಾಗುತ್ತೆ ಇದು."

"ದಪ್ಪ ಅರ್ಧ ಆದ್ರೆ ಬಿಗಿ ಅರ್ಧ ಆಗಲ್ಲ ಒಸ್ವಾಲ್ದೊ, ಎಂಟ್ರಲ್ಲಿ ಒಂದು ಪಾಲಾಗುತ್ತೆ. ಅದಕ್ಕೇ ತೊಲೇನ ನೀನು ಸಲಾಮಿ ಮಾಂಸ ಹೆಚ್ಚಿದ ಹಾಗೆ ಹೋಳು ಮಾಡಿ, ಒಂದೊಂದು ಹೋಳಿಗೂ ಬೇರೆ ಲೆಕ್ಕ ಹಾಕ್ಬೇಕು. ಕಷ್ಟ ಪಡೋದೆಲ್ಲ ಬುಡ. ತುದಿಗೆ ಕೆಲಸವೇ ಇಲ್ಲ, ಅದಕ್ಕೆ ಸಣ್ಣಗಿದೆ."

"ಕೆಲಸ ಇಲ್ದೋರು ನಮ್ ಕಮಿಟೀಲೂ ಇದಾರೆ. ಯಾರೂ ಸಣ್ಣಗಿಲ್ಲ!"

ಕೊನೆಗೆ ಒಂದು ಒಪ್ಪಂದವಾಯಿತು. ಕೆಳಗಿನ ಆಸರೆಯ ಸೆಂಟ್ರಿಂಗ್ ಬಿಚ್ಚಿದಾಗ ತುದಿ ಎರಡು ಬೆರಳಿಗಿಂತ ಹೆಚ್ಚು ಇಳಿದರೆ ಮುಂದೆ ಕಂಬ ನಿಲ್ಲಿಸುವುದು. ಅದರಲ್ಲೊಂದು ಮುಂದಿನ ಸಾಲಿನಲ್ಲಿ ಅರ್ಮಿಂದಾ ಕೂರುವ ಜಾಗದ ಎದುರಿಗೇ ಬರುತ್ತಿತ್ತು. ಹೊಸ ಮದುಮಗಳಾಗಿ ಬಂದಾಗಿನಿಂದ ಆಕೆ ಅಲ್ಲೇ ಕೂತು ಆಟ ನೋಡಿದವಳು.

"ಗೋಲೇ ಕಾಣಲ್ಲ ಕಣೆ. ಸಾಯೋ ಕಾಲಕ್ಕೆ ಸಿಮೆಂಟ್ ನೋಡ್ಕೊಂಡ್ ಕೂತ್ಕೋಬೇಕಾ? ತುದೀಲಿ ಒಂಚೂರು ದಪ್ಪ ಮಾಡಿದ್ರೆ ನಿನ್ ಗಂಟೇನ್ ಹೋಗ್ತಿತ್ತು?"

"ದಪ್ಪ ಮಾಡಿದ್ರೆ ತನ್ನ ಭಾರಕ್ಕೇ ಇನ್ನೂ ಬಾಗುತ್ತಮ್ಮಾ."

"ಹೂಂ, ನಿಂದೊಂದು ಲೆಕ್ಕ."

ಕೆಲಸಗಾರರಿಗೆ ಕೆಂಡದ ಮೇಲೆ ಮಾಂಸ ಸುಟ್ಟು ಬಡಿಸದೆ ಇಲ್ಲಿ ಯಾವ ಚಾವಣಿಯ ಸೆಂಟ್ರಿಂಗೂ ಬಿಚ್ಚುವುದಿಲ್ಲ, ಊಟವೂ ಹೊಸ ಚಾವಣಿಯ ಕೆಳಗೇ ಆಗಬೇಕು. ಆದರೆ ಆ ಭಾನುವಾರ ತಟ್ಟೆ ಹಿಡಿದ ಒಬ್ಬೊಬ್ಬರಿಗೂ ಬಿಸಿಲಿನ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಹುಟ್ಟಿತು. ಅರ್ಮಿಂದಾ ಮಾತ್ರ ಮಾಟೆ ಕಷಾಯದ ಸೋರೆಬುರುಡೆ ಹಿಡಿದು, ನಳಿಗೆಯಲ್ಲಿ ಹೀರುತ್ತಾ ತನ್ನ ಜಾಗದಲ್ಲಿ ಕೂತಿದ್ದಳು.

ತುದಿಯಿಂದ ಬುಡದ ಕಡೆಗೆ ಒಂದೊಂದೇ ಆಸರೆ ತೆಗೆದರು. ತುದಿಯ ಕೆಳಗೆ ಗುರುತು ಹಾಕಿದ ಕೋಲು ನೆಟ್ಟು ನೆಲಿದಾ ಬಗ್ಗಿ ಕೂತಿದ್ದಳು. ತುದಿ ಇಳಿಯಿತು. ಎರಡು ಬೆರಳಿನ ಗುರುತಿಗೆ ಬಂತು, ಅದನ್ನೂ ದಾಟಿತು. ಮೂರು ಬೆರಳಿನ ಹತ್ತಿರ ನಿಂತಿತು.

ಒಸ್ವಾಲ್ದೊ ಬಂದು ನೋಡಿ, ಮೆಲ್ಲಗೆ ಕೇಳಿದ: "ಕಂಬಕ್ಕೆ ಗುಂಡಿ ತೋಡ್ಸೋಣ್ವಾ?"

ನೆಲಿದಾ ಹೋಳು ಹೋಳಾಗಿ ಹಾಕಿದ ಲೆಕ್ಕವನ್ನೆಲ್ಲ ಮನಸ್ಸಿನಲ್ಲೇ ಮತ್ತೆ ತಿರುವಿದಳು. ತಪ್ಪು ಸಿಗಲಿಲ್ಲ. ಹೆತ್ತ ತಾಯಿಯ ಕಣ್ಣಿಗೆ ತಾನೇ ಕಂಬ ಅಡ್ಡ ತಂದೆನಲ್ಲಾ ಎಂದು ಅವಳಿಗೆ ಅಳುವೇ ಬಂತು.

"ನೆಲೀ! ನನ್ ಕಷಾಯದ ಬುರುಡೆಗೆ ಬ್ರೆಡ್ಡಿನ ಚೂರು ಬಿತ್ತು ಕಣೆ. ಆಕಾಶದಿಂದ ಬ್ರೆಡ್ಡೂ ಉದುರುತ್ತಾ?"

ನೆಲಿದಾ ಎದ್ದು ಮೈದಾನಕ್ಕೆ ಓಡಿ, ತಿರುಗಿ ಮೇಲೆ ನೋಡಿದಳು. ಚಾವಣಿಯ ಅಂಚಿನುದ್ದಕ್ಕೂ ಕ್ಲಬ್ಬಿನ ಅಭಿಮಾನಿ ದಂಡು ಚಕ್ಕಳಮಕ್ಕಳ ಹಾಕಿಕೊಂಡು, ಕೈಯಲ್ಲಿ ಬ್ರೆಡ್ಡು-ಮಾಂಸ ಹಿಡಿದು, ಮಧ್ಯೆ ದೊಡ್ಡ ಡೋಲನ್ನೂ ಇಟ್ಟುಕೊಂಡು ಕೂತಿತ್ತು. ಹಿಂದಿನ ಗೋಡೆಯ ಏಣಿ ಹತ್ತಿ ಹೋಗಿದ್ದರು. ಮೈದಾನದಲ್ಲಿದ್ದವರೆಲ್ಲ ನೋಡಿದ್ದರು, ಯಾರಿಗೂ ಅದು ಹೇಳುವಂಥ ವಿಷಯ ಅನ್ನಿಸಿರಲಿಲ್ಲ.

"ಕೆಳಗೆ ಕೂರೋಕೆ ಹೆದ್ರಿಕೆ, ಮೇಲೆ ಕೂರೋಕೆ ಹೆದ್ರಿಕೆ ಇಲ್ವೇನ್ರೋ?"

ಡೋಲಿನವನು ಮೇಲಿಂದಲೇ ಸಮಾಧಾನವಾಗಿ ಹೇಳಿದ: "ಬಿದ್ರೆ ಕೆಳಗಿದ್ದೋರ ಮೇಲ್ ತಾನೆ ಇಂಜಿನಿಯರಮ್ಮ ಬೀಳೋದು? ನಾವ್ ಮೇಲಿದೀವಲ್ಲ!"

ನೆಲಿದಾ ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಒಬ್ಬೊಬ್ಬರೇ ಇಳಿದರು. ತುದಿ ನಿಧಾನವಾಗಿ ಮೇಲೆದ್ದಿತು. ಕೊನೆಗೆ ಡೋಲೂ ಇಳಿದಾಗ ಎರಡು ಬೆರಳಿನ ಗುರುತಿಗೆ ಸರಿಯಾಗಿ ನಿಂತಿತು. ಒಸ್ವಾಲ್ದೊ ಎರಡು ಸಲ ಬಗ್ಗಿ ನೋಡಿ, ಕಂಬದ ಮಾತೆತ್ತದೆ ಕೆಂಡದ ಕಡೆಗೆ ನಡೆದ.

ನೆಲಿದಾ ತಾಯಿಯ ಪಕ್ಕದಲ್ಲಿ ಕುಸಿದು ಕೂತಳು. "ಊರಿಗೂರೇ ಹೊರಗ್ ನಿಂತಿತ್ತು. ನಿಂಗೆ ಹೆದ್ರಿಕೆ ಆಗ್ಲಿಲ್ವಾ ಅಮ್ಮಾ?"

"ಆಗ್ದೆ ಇರುತ್ತಾ?"

"ಮತ್ತ್ಯಾಕೆ ಕೂತಿದ್ದೆ?"

"ನಾನೂ ಎದ್ದು ಹೋದ್ರೆ ನಿನ್ ಲೆಕ್ಕದ ಕೆಳಗೆ ಕೂರೋರು ಯಾರೇ?"

ನೆಲಿದಾ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡಳು. ಮುದುಕಿ ಬುರುಡೆಯಿಂದ ಬ್ರೆಡ್ಡಿನ ಚೂರು ತೆಗೆದು ಎಸೆದಳು.

"ಸುಮ್ನೆ ಅಳ್ಬೇಡ, ಏಳು. ಆ ಒಸ್ವಾಲ್ದೊ ಹತ್ರ ಒಂದು ಪಕ್ಕೆಲುಬು ಹಾಕಿಸ್ಕೊಂಡ್ ಬಾ. ಬುಡದಿಂದ ತುದೀವರೆಗೂ ಒಂದೇ ದಪ್ಪ ಇರ್ಬೇಕು, ಗೊತ್ತಾಯ್ತಾ?"